ಪದಚರ್ಚೆ: ಸಾಸೇಜನ್ನು ಫ್ರೀಜರಿನಲ್ಲಿ ‘ಹದಗೆಡದಂತೆ’ ಇಡುವುದನ್ನು ಕನ್ನಡದಲ್ಲಿ ಹೇಳುವ ಬಗೆ

ಮಾನ್ಯರೆ,

ಕಾರವಾರದಲ್ಲಿ ನಮ್ಮ ಕೇರಿಯ ಕೋಲ್ಡ್ ಸ್ಟೋರೇಜ್ ಅಂಗಡಿಯವರು, ಗಿರಾಕಿಗಳ ಕೈಗೆ ಕೊಡಲೆಂದು ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆದುಕೊಡುವಂತೆ ನನ್ನನ್ನು ಕೇಳಿದ್ದಾರೆ. ಹಾಟ್ ಡಾಗ್ ಎಂಬ ಹೆಸರಿನಲ್ಲಿ ಬರುವ ಉದ್ದನೆಯ, ಮೆತ್ತನೆಯ ಸಾಸೇಜನ್ನು ಒಟ್ಟಿಗೆ ಕೊಂಡು ತಂದವರು ಅದನ್ನು ಮನೆಯಲ್ಲೇ ಫ್ರೀಜರಿನಲ್ಲಿ ಇಟ್ಟುಕೊಳ್ಳುವ ಕ್ರಮವನ್ನು ಆ ಪುಟ ತಿಳಿಸಬೇಕು. ಕಾಳಿ ನದಿಯಾಚೆ ಗೋವೆಯಿಂದ ಬರುವ, ಮೆಣಸು ಮತ್ತು ವಿನೆಗರಿನಲ್ಲಿ ನೆನೆಸಿ ಒಣಗಿಸಿದ ಸಾಸೇಜಿನ ಮಾತು ಇದಲ್ಲ. ಅದು ಒಣ ಸರಕು, ಇದು ನುಣ್ಣಗೆ ಅರೆದು ಬೇಯಿಸಿದ, ತೂಕದ ಅರ್ಧದಷ್ಟು ನೀರೇ ಇರುವ ಸರಕು. ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಆದರೆ ಅದನ್ನು ಬರೆಯಲು ಕುಳಿತಾಗ ನಾಲ್ಕಾರು ಪದಗಳ ಬಳಿ ಲೇಖನಿ ನಿಂತಿತು, ಆದ್ದರಿಂದ ತಮ್ಮೆಲ್ಲರ ಅಭಿಪ್ರಾಯ ಬೇಡುತ್ತಿದ್ದೇನೆ.

ಎಲ್ಲಕ್ಕಿಂತ ಅಪಾಯದ ಜೋಡಿ ‘ಫ್ರಿಜ್’ ಮತ್ತು ‘ಫ್ರೀಜ್’. ನಮ್ಮಲ್ಲಿ ಹೆಚ್ಚಿನವರು ಫ್ರಿಜ್ಜಿಗೇ ‘ಫ್ರೀಜು’ ಎನ್ನುತ್ತಾರೆ, ‘ಹಾಲು ಫ್ರೀಜಿನಲ್ಲಿದೆ’ ಎನ್ನುತ್ತಾರೆ. ಹೀಗಿರುವಾಗ ‘ತಂದ ದಿನವೇ ಫ್ರೀಜ್ ಮಾಡಿ’ ಎಂದು ಬರೆದರೆ ಓದಿದವರು ಪೊಟ್ಟಣವನ್ನು ಹಾಲಿನ ಪಕ್ಕದಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಇದು ಬರಿಯ ಉಚ್ಚಾರದ ಮಾತಲ್ಲ. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ಫ್ರಿಜ್ಜಿನಲ್ಲಿ ಹಾಟ್ ಡಾಗ್ ಸಾಸೇಜು ಪೊಟ್ಟಣ ಒಡೆಯದಿದ್ದರೆ ಎರಡು ವಾರ, ಒಡೆದರೆ ಒಂದೇ ವಾರ ಬರುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲದು. ಒಂದೆರಡು ತಿಂಗಳ ಮಾತು ಬರುವುದು ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಮಾತ್ರ. ಆದ್ದರಿಂದ ‘ಫ್ರೀಜ್’ ಎಂಬ ಕ್ರಿಯಾಪದವನ್ನು ಪೂರ್ತಿ ಬಿಟ್ಟು, ಜಾಗವನ್ನೇ ಹೆಸರಿಸಿ ‘ಐಸ್ ಕಟ್ಟುವ ಖಾನೆಯಲ್ಲಿಡಿ’ ಎಂದು ಬರೆಯುವುದು ಸರಿಯೆಂದು ನನಗೆ ತೋರುತ್ತದೆ. ಒಂದೇ ಬಾಗಿಲಿನ ಹಲವು ಫ್ರಿಜ್ಜುಗಳಲ್ಲಿ ಆ ಖಾನೆಯೂ ಅಷ್ಟು ತಣ್ಣಗಾಗುವುದಿಲ್ಲ, ಅದನ್ನು ಬೇರೆ ವಾಕ್ಯದಲ್ಲಿ ಎಚ್ಚರಿಸುತ್ತೇನೆ.

ಪುಸ್ತಕದ ಪದಗಳೂ ಇಲ್ಲಿ ಒದಗಿಬರಲಿಲ್ಲ. ‘ಶೀತಲೀಕರಣ’ ತಣ್ಣಗಾಗಿಸುವುದಕ್ಕೂ ನೀರನ್ನು ಗಡ್ಡೆ ಮಾಡುವುದಕ್ಕೂ ಒಂದೇ ಆಗಿಬಿಟ್ಟಿದೆ. ‘ಘನೀಕರಿಸು’ ಎಂಬುದು ದ್ರವಕ್ಕೆ ಹೊಂದುತ್ತದೆ, ಮೊದಲೇ ಗಟ್ಟಿಯಾಗಿರುವ ಸಾಸೇಜಿಗೆ ವಿಚಿತ್ರವಾಗಿ ಕೇಳುತ್ತದೆ. ‘ಹೆಪ್ಪುಗಟ್ಟಿಸು’ ಪತ್ರಿಕೆಗಳಲ್ಲಿ ಬಳಕೆಯಲ್ಲಿದ್ದರೂ ಅಡುಗೆಮನೆಯಲ್ಲಿ ಹೆಪ್ಪು ಎಂದೊಡನೆ ಮೊಸರೇ ಕಣ್ಣಿಗೆ ಬರುತ್ತದೆ. ಬಂದರಿನ ಕಡೆ ಮೀನಿನ ವ್ಯವಹಾರದವರು ‘ಬಂಗಡೆ ಐಸಿನಲ್ಲಿ ಕಲ್ಲಾಗಿದೆ’ ಎನ್ನುವುದನ್ನು ಕೇಳಿದ್ದೇನೆ; ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಕ್ಕಿಲ್ಲ. ‘ಸಾಸೇಜುಗಳನ್ನು ಒಂದಕ್ಕೊಂದು ತಾಗದಂತೆ ಸ್ಟೀಲ್ ತಾಟಿನಲ್ಲಿ ಒಂದೇ ಸಾಲಾಗಿ ಹರಡಿ, ಬಿಡಿಬಿಡಿಯಾಗಿ ಕಲ್ಲಾದ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಒತ್ತಿ ಹೊರಹಾಕಿ, ತಾರೀಕು ಬರೆದು ಬಾಯಿ ಕಟ್ಟಿ’ ಎಂದರೆ ಯಾರಿಗೂ ಎರಡನೆಯ ಸಲ ಹೇಳಬೇಕಾಗಿಲ್ಲ. ‘ಬಿಡಿಬಿಡಿಯಾಗಿ’ ಎಂಬ ಪದ ಇಲ್ಲಿ ಎರಡು ಕೆಲಸ ಮಾಡುತ್ತದೆ: ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು, ಜೊತೆಗೆ, ರಾಶಿಯಾಗಿ ಇಟ್ಟದ್ದಕ್ಕಿಂತ ಬೇಗ ಕಲ್ಲಾಗುವುದರಿಂದ ಒಳಗಿನ ನೀರು ಸಣ್ಣ ಸಣ್ಣ ಹರಳುಗಳಾಗಿಯೇ ನಿಲ್ಲುತ್ತದೆ.

ನಾನು ಮುಖ್ಯವಾಗಿ ಚರ್ಚೆಗಿಡಬೇಕೆಂದಿರುವುದು ಇದರ ಮುಂದಿನ ಮಾತನ್ನು. ಅಂಗಡಿಯವರು ಕೊಟ್ಟ ಇಂಗ್ಲಿಷ್ ಒಕ್ಕಣೆಯನ್ನು ‘ಗುಣಮಟ್ಟ ಕಳೆದುಕೊಳ್ಳದಂತೆ’ ಎಂದು ಕನ್ನಡಿಸುವುದು ಸುಲಭ, ಆದರೆ ‘ಗುಣಮಟ್ಟ’ ಎಂಬುದು ಟೆಂಡರಿನ ಕಾಗದದ ಪದ, ಒಲೆಯ ಮುಂದಿನ ಪದವಲ್ಲ. ‘ಕೆಡದಂತೆ’ ಎಂದರೆ ಅರ್ಥವೇ ತಪ್ಪುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಒಂದೇ ಸಮನೆ ಇದ್ದ ಸಾಸೇಜು ಎಷ್ಟು ತಿಂಗಳಾದರೂ ತಿನ್ನಲು ಅಪಾಯಕಾರಿ ಆಗುವುದಿಲ್ಲ. ಒಂದೆರಡು ತಿಂಗಳ ಮೇಲೆ ಕುಂದುವುದು ಅದರ ಸ್ವಾದ ಮತ್ತು ಮೆತ್ತನೆಯ ಗುಣ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ತೋರಿಸುವ ದಾರಿ ಮೊದಲಿನಿಂದಲೂ ಇದೆ: ‘ಕೆಡು’ ಒಂದು, ‘ರುಚಿಗೆಡು’, ‘ಬಣ್ಣಗೆಡು’, ‘ಹದಗೆಡು’ ಬೇರೆ. ಏನು ಕೆಟ್ಟಿತು ಎಂಬುದನ್ನು ಪದದ ಮೊದಲರ್ಧವೇ ಹೇಳಿಬಿಡುತ್ತದೆ. ‘ಹದಗೆಡು’ ಈಚೆಗೆ ರಸ್ತೆಗೂ ಆರೋಗ್ಯಕ್ಕೂ ಮೀಸಲಾದಂತೆ ಕಾಣುತ್ತದೆಯಾದರೂ, ಪಾಕಕ್ಕೂ ಹಿಟ್ಟಿಗೂ ಇಂದಿಗೂ ‘ಹದ’ವನ್ನೇ ನೋಡುವ ನಾವು ಅದನ್ನು ಅಡುಗೆಗೆ ಮರಳಿ ತರುವುದರಲ್ಲಿ ಯಾವ ಬಲವಂತವೂ ಇಲ್ಲ. ನಿಧಾನವಾಗಿ ಕಲ್ಲಾದ ಸಾಸೇಜಿನಲ್ಲಿ ಹರಳುಗಳು ದೊಡ್ಡದಾಗಿ ಬೆಳೆದು ಒಳಗಿನ ಹೆಣಿಗೆಯನ್ನು ಹರಿಯುತ್ತವೆ, ಹೊರಗೆ ತೆಗೆದಾಗ ನೀರು ಒಸರಿ ಸಾಸೇಜು ಸಪ್ಪೆಯಾಗುತ್ತದೆ, ಇದು ಹದಗೆಟ್ಟದ್ದು. ಉಪ್ಪು ಕೊಬ್ಬಿನ ಉತ್ಕರ್ಷಣವನ್ನು, ಅಂದರೆ ಗಾಳಿಯ ಆಮ್ಲಜನಕ ತಾಗಿ ಕೊಬ್ಬು ಮಾರ್ಪಡುವುದನ್ನು, ಚುರುಕುಗೊಳಿಸುವುದರಿಂದ, ಉಪ್ಪೂ ಕೊಬ್ಬೂ ಎರಡೂ ಇರುವ ಈ ಸರಕು ಫ್ರೀಜರಿನಲ್ಲಿದ್ದರೂ ಕೆಲವು ತಿಂಗಳಲ್ಲಿ ಹಳೆಯ ಕೊಬ್ಬರಿಯಂತೆ ಕಮಟುತ್ತದೆ, ಇದು ರುಚಿಗೆಟ್ಟದ್ದು. ‘ಹಳಸಿದೆ’ ಎಂದು ಇಲ್ಲಿ ಬರೆಯಬಾರದು, ಹಳಸುವುದು ಅನ್ನ ಸಾರು, ಮತ್ತು ಹಳಸಿದ್ದನ್ನು ತಿನ್ನಬಾರದು. ಕಮಟು, ಹಳಸಲು, ಮುಗ್ಗಲು ಎಂದು ವಾಸನೆಗೊಂದು ಪದವಿರುವ ಭಾಷೆಯಲ್ಲಿ ಎಲ್ಲವನ್ನೂ ‘ಗುಣಮಟ್ಟ ಕುಸಿತ’ದ ಮೂಟೆಗೆ ತುಂಬುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಕಲ್ಲಾದದ್ದನ್ನು ಮೊದಲಿನಂತೆ ಮೆತ್ತಗೆ ಮಾಡುವುದಕ್ಕೆ ಕರಡಿನಲ್ಲಿ ‘ಕರಗಿಸಿ’ ಎಂದಿತ್ತು. ಅದನ್ನು ಓದಿದ ನೆರೆಮನೆಯ ಅಕ್ಕ ‘ಬಾಣಲೆಯಲ್ಲಿಯೋ?’ ಎಂದು ಕೇಳಿದರು, ಅವರು ಕೇಳಿದ್ದು ನ್ಯಾಯವೇ. ಕರಗುವುದು ಬೆಣ್ಣೆ, ಬೆಲ್ಲ, ಐಸು. ಸಾಸೇಜು ಕರಗುವುದಿಲ್ಲ, ಅದರೊಳಗಿನ ಐಸು ಬಿಡುತ್ತದೆ. ‘ಐಸು ಬಿಡಲಿ’, ‘ಐಸು ಬಿಟ್ಟ ಮೇಲೆ ಕೊಯ್ಯಿ’ ಎಂಬ ಮಾತು ಮೀನಿಗೆ ನಮ್ಮಲ್ಲಿ ನಡೆಯುತ್ತದೆ, ಆದ್ದರಿಂದ ‘ಐಸು ಬಿಡಿಸಿ’ ಎಂದು ತಿದ್ದಿದ್ದೇನೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ ಐಸು ಬಿಡಿಸುವುದು ಉತ್ತಮ. ಅವಸರವಿದ್ದರೆ ನೀರು ಹೋಗದ ಚೀಲದಲ್ಲಿಟ್ಟು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. ಕಟ್ಟೆಯ ಮೇಲೆ ಹಾಗೆಯೇ ಬಿಡಬಾರದು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ಸೆಕೆ 32 ಡಿಗ್ರಿ ದಾಟಿದಾಗ ಒಂದೇ ಗಂಟೆ ಎಂಬ ನಿಯಮ ನಮ್ಮ ಕರಾವಳಿಯ ಏಪ್ರಿಲ್ ಮೇ ತಿಂಗಳಿಗೆ ಹೇಳಿ ಬರೆಸಿದಂತಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಇದೇ ಪದ ಕೈಹಿಡಿಯುತ್ತದೆ: ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರಿನ ತಂಪು ಸುಮಾರು 48 ಗಂಟೆ, ಅರ್ಧ ತುಂಬಿದ್ದರ ತಂಪು 24 ಗಂಟೆ ನಿಲ್ಲುತ್ತದೆ, ಮತ್ತು ‘ಪೂರ್ತಿ ಐಸು ಬಿಡದೆ ಹರಳು ಉಳಿದಿದ್ದರೆ ಮತ್ತೆ ಕಲ್ಲಾಗಲು ಇಡಬಹುದು’ ಎಂದು ಒಂದೇ ವಾಕ್ಯದಲ್ಲಿ ಹೇಳಬಹುದು.

ಉಳಿದದ್ದು ‘ಫ್ರೀಜರ್ ಬರ್ನ್’, ಇದಕ್ಕೆ ನನ್ನಲ್ಲಿ ಒಪ್ಪುವ ಪದವಿಲ್ಲ. ಚೀಲದೊಳಗೆ ಗಾಳಿ ಉಳಿದರೆ ಸಾಸೇಜಿನ ಮೈಮೇಲಿನ ಐಸು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಪಠ್ಯಪುಸ್ತಕದಲ್ಲಿ ಇದನ್ನೇ ಉತ್ಪತನ ಎನ್ನುತ್ತಾರೆ. ಆ ಜಾಗ ಬೂದುಬಣ್ಣಕ್ಕೆ ತಿರುಗಿ, ಒಣಗಿ, ತೊಗಲಿನಂತೆ ಬಿರುಸಾಗುತ್ತದೆ. ವಿಷವೇನೂ ಅಲ್ಲ, ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಇಲ್ಲಿ ಬೆಂಕಿಯೇ ಇಲ್ಲದಿರುವುದರಿಂದ ‘ಸುಟ್ಟ’ ಎಂಬ ಮಾತು ದಾರಿ ತಪ್ಪಿಸುತ್ತದೆ, ‘ಶೀತದಹನ’ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಬಿಸಿಲು ತಾಗಿ ಒಣಗಿದ ಎಲೆಗೆ ‘ಬಿಸಿಲು ಹೊಡೆದಿದೆ’ ಎನ್ನುವ ರೂಢಿಯನ್ನು ಹಿಡಿದು ‘ಚಳಿ ಹೊಡೆದ ಕಲೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು, ಚಳಿಗಾಲದಲ್ಲಿ ತೋಟದ ಎಲೆ ಅಥವಾ ಸಸಿ ಬಿಳಿಚಿ ಒಣಗಿದಾಗ ಬೇರೇನಾದರೂ ಮಾತು ಆಡುತ್ತೀರಾದರೆ ದಯವಿಟ್ಟು ತಿಳಿಸಬೇಕು. ‘ಐಸು ಬಿಡಿಸು’ ಘಟ್ಟದ ಮೇಲೂ ಅರ್ಥವಾಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಪುಟವನ್ನು ಅಚ್ಚಿಗೆ ಕೊಡುತ್ತೇನೆ.