ಬೋಳಿಸಿದರೆ ಗಡ್ಡ ದಟ್ಟವಾಗುತ್ತದೆಯೇ?

ಪ್ರಶ್ನೆ (ಶಿರಸಿ): ನನಗೆ 20 ವರ್ಷ, ಕೆನ್ನೆಯ ಮೇಲೆ ಗಡ್ಡ ಅಲ್ಲಲ್ಲಿ ಮಾತ್ರ ಬಂದಿದೆ. ದಿನವೂ ಬೋಳಿಸಿ ಕೊಬ್ಬರಿ ಎಣ್ಣೆ ತಿಕ್ಕಿದರೆ ದಟ್ಟವಾಗುತ್ತದೆ ಎಂದು ಅಜ್ಜ ಹೇಳುತ್ತಾರೆ. ಇದು ನಿಜವೇ?

ಉತ್ತರ (ಕಾರವಾರ): ಇಲ್ಲ. ಕೂದಲಿನ ಬೇರು ಚರ್ಮದ ಒಳಗಿರುವುದರಿಂದ ಬ್ಲೇಡು ಅದನ್ನು ಮುಟ್ಟುವುದೇ ಇಲ್ಲ. ಸಹಜವಾಗಿ ಚೂಪಾಗಿದ್ದ ತುದಿ ಕತ್ತರಿಸಿ ಹೋಗಿ, ಮೊಂಡಾದ ಬುಡ ಮೇಲೆ ಬರುವಾಗ ಗದ್ದೆಯಲ್ಲಿ ಕೊಯ್ಲಿನ ನಂತರ ಉಳಿದ ಕೂಳೆಯಂತೆ ಬೆರಳಿಗೆ ಒರಟಾಗಿ ತಾಗುತ್ತದೆ. 1928ರಲ್ಲೇ ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನು ಪರೀಕ್ಷಿಸಿ, ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದ್ದರು.

ಉತ್ತರ (ಕುಮಟಾ): ಎಣ್ಣೆಯು ಕೂದಲನ್ನು ಮೃದುವಾಗಿಸುತ್ತದೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. ದಟ್ಟಣೆಯನ್ನು ಮುಖ್ಯವಾಗಿ ನಿರ್ಧರಿಸುವುದು ವಂಶವಾಹಿ ಮತ್ತು ಹಾರ್ಮೋನು. ನನ್ನ ಕೆನ್ನೆ ತುಂಬಿದ್ದು 27ನೇ ವಯಸ್ಸಿನಲ್ಲಿ. ನಿಮಗೂ ಇನ್ನೂ ಕಾಲವಿದೆ. ದಿನವೂ ಬೋಳಿಸಿ ಗುಳ್ಳೆ ಏಳಿಸಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾಳೆಯಿಂದ ಬ್ಲೇಡನ್ನು ಬದಿಗಿಡುತ್ತೇನೆ.