ಅಪ್‌ಡೇಟ್: ಒಳಜಾಲದ ಪ್ರಮಾಣಪತ್ರಗಳನ್ನು ಕ್ವಾಂಟಮ್ ನಿರೋಧಕ ಸಹಿಗೆ ಬದಲಾಯಿಸುವ ಬಗ್ಗೆ

ಕಚೇರಿಯ ಒಳಜಾಲದ ಸರ್ವರ್‌ಗಳ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರಗಳಲ್ಲಿ ಈಗ ಇಸಿಡಿಎಸ್‌ಎ ಎಂಬ ಡಿಜಿಟಲ್ ಸಹಿ ವಿಧಾನವಿದೆ. ಅವನ್ನು ಈಗಲೇ ಕ್ವಾಂಟಮ್ ನಿರೋಧಕ ಸಹಿಗೆ, ಅಂದರೆ ಮುಂದಿನ ಕ್ವಾಂಟಮ್ ಕಂಪ್ಯೂಟರ್‌ಗಳೂ ನಕಲು ಮಾಡಲಾಗದ ಸಹಿಗೆ, ಬದಲಾಯಿಸಬೇಕೇ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಮೊದಲು ಕೀಲಿ ವಿನಿಮಯ (ದತ್ತಾಂಶವನ್ನು ಗೂಢಲಿಪಿಗೊಳಿಸುವ ಗುಟ್ಟಿನ ಕೀಲಿಯನ್ನು ಎರಡೂ ಕಡೆಯವರು ಒಪ್ಪಿಕೊಳ್ಳುವ ಹಂತ), ಆಮೇಲೆ ಸಹಿ ಎಂದು ಹೆಚ್ಚಿನವರು ಹೇಳಿದ್ದಿರಿ. ಅದೇ ಕ್ರಮದಲ್ಲಿ ಮುಂದುವರಿದಿದ್ದೇವೆ. ಏಕೆಂದರೆ ಇಂದು ಕದ್ದಿಟ್ಟ ದತ್ತಾಂಶದ ಗೂಢಲಿಪಿಯನ್ನು ಮುಂದೊಂದು ದಿನ ಕ್ವಾಂಟಮ್ ಕಂಪ್ಯೂಟರ್‌ನಿಂದ ಬಿಡಿಸಬಹುದು, ಆದರೆ ಮುಗಿದುಹೋದ ಸಂಪರ್ಕದ ಸಹಿಯನ್ನು ಆಗ ನಕಲು ಮಾಡಿ ಯಾರಿಗೂ ಲಾಭವಿಲ್ಲ.

ಕೀಲಿ ವಿನಿಮಯದ ಕೆಲಸ ಸಲೀಸಾಗಿ ಮುಗಿಯಿತು. ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ 3.5ನೇ ಆವೃತ್ತಿಗೆ ಏರಿದ ಮೇಲೆ, ಸುರಕ್ಷಿತ ಸಂಪರ್ಕದ ನಿಯಮಾವಳಿಯಾದ ಟಿಎಲ್‌ಎಸ್ 1.3ರಲ್ಲಿ ಹಳೆಯ ಕೀಲಿ ವಿನಿಮಯ ವಿಧಾನ ಎಕ್ಸ್25519 ಮತ್ತು ಕ್ವಾಂಟಮ್ ನಿರೋಧಕವಾದ ಎಂಎಲ್-ಕೆಇಎಂ-768ರ ಜೋಡಿ ತಾನಾಗಿಯೇ ಬಳಕೆಗೆ ಬಂತು.

ತೊಡಕಿರುವುದು ಸಹಿಯ ಗಾತ್ರದಲ್ಲಿ. ಇಸಿಡಿಎಸ್‌ಎಯಲ್ಲಿ ಸಾಮಾನ್ಯವಾಗಿ ಬಳಸುವ ಪಿ-256 ವಕ್ರರೇಖೆಯ ಸಹಿ 64 ಬೈಟ್ ಆದರೆ, 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಪ್ರಕಟಿಸಿದ ಕ್ವಾಂಟಮ್ ನಿರೋಧಕ ಸಹಿಯ ಮಾನಕದ ಎಂಎಲ್-ಡಿಎಸ್‌ಎ-65ರಲ್ಲಿ ಸಹಿ 3,309 ಬೈಟ್, ಸಾರ್ವಜನಿಕ ಕೀಲಿ 1,952 ಬೈಟ್. ಸರ್ವರ್‌ನ ಪ್ರಮಾಣಪತ್ರ, ಅದನ್ನು ದೃಢೀಕರಿಸುವ ಮಧ್ಯಂತರ ಪ್ರಮಾಣಪತ್ರ (ಎರಡರಲ್ಲೂ ಒಂದೊಂದು ಕೀಲಿ, ಒಂದೊಂದು ಸಹಿ) ಮತ್ತು ಸಂಪರ್ಕ ಆರಂಭದ ಹಸ್ತಲಾಘವದ (ಹ್ಯಾಂಡ್‌ಶೇಕ್) ಸಹಿ ಸೇರಿದರೆ ಕೀಲಿ-ಸಹಿಗಳೇ 13,831 ಬೈಟ್ ಆಗುತ್ತವೆ. ಅದಕ್ಕೆ ಕೀಲಿ ವಿನಿಮಯದ 1,120 ಬೈಟ್ ಕೂಡಿದಾಗ, ಜಾಲದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿ, ಉತ್ತರಕ್ಕೆ ಕಾಯದೆ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಕಳುಹಿಸುವ ಸುಮಾರು 14,600 ಬೈಟ್‌ಗಳ ಮಿತಿ ದಾಟಿ, ಇನ್ನೊಂದು ಸುತ್ತು ಕಾಯಬೇಕಾಗುತ್ತದೆ. ದೂರದ ಶಾಖೆಗಳ ನಿಧಾನದ ಲಿಂಕ್‌ಗಳಲ್ಲಿ ಇದು ನಿರ್ಲಕ್ಷಿಸುವಂಥದ್ದಲ್ಲ. ಅದೇ ಮಾನಕದ ಚಿಕ್ಕ ರೂಪವಾದ ಎಂಎಲ್-ಡಿಎಸ್‌ಎ-44ರಲ್ಲಿ ಕೀಲಿ-ಸಹಿಗಳ ಅದೇ ಲೆಕ್ಕ 9,884 ಬೈಟ್‌ಗೆ ಇಳಿಯುವುದರಿಂದ ಪರೀಕ್ಷೆಗೆ ಅದನ್ನೇ ಆರಿಸಿದ್ದೇವೆ.

ಅಲ್ಪಾವಧಿಯ ಸರ್ವರ್ ಪ್ರಮಾಣಪತ್ರಗಳು ಸದ್ಯಕ್ಕೆ ಇಸಿಡಿಎಸ್‌ಎಯಲ್ಲೇ ಇರುತ್ತವೆ. ಫರ್ಮ್‌ವೇರ್‌ಗೆ (ಉಪಕರಣವನ್ನು ನಡೆಸುವ ಒಳಗಿನ ತಂತ್ರಾಂಶ) ಸಹಿ ಹಾಕುವ ಮೂಲ ಕೀಲಿಯನ್ನು ಮಾತ್ರ ಮೊದಲು ಬದಲಾಯಿಸುತ್ತೇವೆ, ಏಕೆಂದರೆ ಉಪಕರಣದೊಳಗೆ ಸೇರಿದ ಕೀಲಿ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ.