ಸಕ್ಕರೆಯ ಕಾರ್ಬನ್‌ಗೆ ಸೊನ್ನೆ ಬಂದರೆ ಲೆಕ್ಕ ತಪ್ಪೇ?

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಮಂಡ್ಯ): ನಮ್ಮದು ಸಕ್ಕರೆ ನಾಡು ಎಂದು ಸುಕ್ರೋಸ್ ಅಣುವನ್ನೇ ಹಿಡಿದು ಉತ್ಕರ್ಷಣ ಸಂಖ್ಯೆಯ (ಬಂಧಗಳಲ್ಲಿ ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು ಅಥವಾ ಪಡೆಯಿತು ಎಂದು ಲೆಕ್ಕ ಹಿಡಿಯುವ ಅಂಕಿ) ಲೆಕ್ಕ ಹಾಕಿದೆ. ಅದರಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಇವೆ. ಕಾರ್ಬನ್‌ಗೆ ಸೊನ್ನೆ ಬಂತು! ಸೊನ್ನೆ ಬಿಡಿ ಧಾತುವಿಗೆ ಮಾತ್ರ, ಸಂಯುಕ್ತದಲ್ಲಿ ಬರಬಾರದು ಎನ್ನುತ್ತಾಳೆ ಗೆಳತಿ. ನಾನು ಎಡವಿದ್ದೆಲ್ಲಿ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ಮೈಸೂರು): ಎಲ್ಲಿಯೂ ಎಡವಿಲ್ಲ. ಇಡೀ ಅಣುವಿನ ಮೊತ್ತ ಸೊನ್ನೆಯಾಗಬೇಕು. ತಲಾ +1ರಂತೆ ಹೈಡ್ರೋಜನ್‌ಗಳಿಂದ +22, ತಲಾ −2ರಂತೆ ಆಕ್ಸಿಜನ್‌ಗಳಿಂದ −22; ಒಂದಕ್ಕೊಂದು ವಜಾ ಆಗಿ ಕಾರ್ಬನ್‌ಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಬಿಡಿ ಧಾತುವಿಗೆ ಸೊನ್ನೆ ಎಂಬುದು ನಿಯಮ ನಿಜ. ಸೊನ್ನೆ ಬಂದದ್ದೆಲ್ಲ ಬಿಡಿ ಧಾತು ಎಂದು ಅದನ್ನು ತಿರುಗಿಸಿ ಓದಬಾರದು, ಅಷ್ಟೆ.

ಆದರೆ ನಿಮ್ಮ ಸೊನ್ನೆ 12 ಕಾರ್ಬನ್‌ಗಳ ಸರಾಸರಿ. ರಚನೆಯ ಚಿತ್ರ ಬರೆದುಕೊಂಡು ಒಂದೊಂದನ್ನೇ ನೋಡಿ. ಆಕ್ಸಿಜನ್ ಜೊತೆಗಿನ ಪ್ರತಿ ಬಂಧಕ್ಕೆ ಕಾರ್ಬನ್‌ಗೆ +1, ಹೈಡ್ರೋಜನ್ ಜೊತೆಗಿನದಕ್ಕೆ −1, ಇನ್ನೊಂದು ಕಾರ್ಬನ್ ಜೊತೆಗಿನದಕ್ಕೆ ಏನೂ ಇಲ್ಲ. ಗ್ಲೂಕೋಸ್ ಭಾಗವನ್ನೂ ಫ್ರಕ್ಟೋಸ್ ಭಾಗವನ್ನೂ ಬೆಸೆದ ಆಕ್ಸಿಜನ್‌ನ ಆಚೀಚೆಯ ಕಾರ್ಬನ್‌ಗಳಿಗೆ +1 ಮತ್ತು +2 ಬರುತ್ತದೆ. ತುದಿಯ ಮೂರಕ್ಕೆ ತಲಾ −1. ಮಿಕ್ಕ ಏಳಕ್ಕೆ ಸೊನ್ನೆ. ಕೂಡಿದರೆ ಮತ್ತೆ ಸೊನ್ನೆಯೇ! ಪ್ರತಿ ವರ್ಷ ಕರಿಹಲಗೆಯ ಮೇಲೆ ಇದನ್ನು ಕೂಡಿಸುವಾಗ ನನಗೆ ಖುಷಿಯಾಗುತ್ತದೆ. ಒಂದು ಮಾತು ನೆನಪಿರಲಿ: ಇವು ಎಲೆಕ್ಟ್ರಾನ್‌ಗಳ ಜಮಾಖರ್ಚಿನ ಅಂಕಿಗಳು, ಕಾರ್ಬನ್ ಮೇಲೆ ನಿಜವಾಗಿ ಅಷ್ಟು ವಿದ್ಯುದಾವೇಶ ಇರುವುದಿಲ್ಲ.

ಜಮಾಖರ್ಚು ಕೆಲಸಕ್ಕೆ ಬರುವುದು ಸಕ್ಕರೆ ಪೂರ್ತಿ ಉರಿದಾಗ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕಾರ್ಬನ್ +4. ಹಾಗಾಗಿ 12 ಕಾರ್ಬನ್‌ಗಳು ಬಿಟ್ಟುಕೊಟ್ಟದ್ದು 48 ಎಲೆಕ್ಟ್ರಾನ್. ಆಕ್ಸಿಜನ್ ಪರಮಾಣು ತಲಾ ಎರಡು ಪಡೆಯುವುದರಿಂದ 24 ಪರಮಾಣು, ಅಂದರೆ 12 ಆಕ್ಸಿಜನ್ ಅಣುಗಳು ಬೇಕು. ಸಮೀಕರಣ ತಾನಾಗಿಯೇ ಸರಿದೂಗಿತು.

ಪ್ರಶ್ನೆ (ಆಲೆಮನೆ ನಡೆಸುವವರು, ಪಾಂಡವಪುರ): ಬೆಲ್ಲದ ಬಣ್ಣ ತಿಳಿಯಾಗಲೆಂದು ಕೆಲವರು ಹಾಕುವ ಹೈಡ್ರೋಸ್‌ನಲ್ಲಿ ಗಂಧಕಕ್ಕೆ ಎಷ್ಟು? ಮಗ ಕೇಳುತ್ತಿದ್ದಾನೆ.

ಉತ್ತರ: ಅದು ಸೋಡಿಯಂ ಹೈಡ್ರೋಸಲ್ಫೈಟ್: 2 ಸೋಡಿಯಂ, 2 ಗಂಧಕ, 4 ಆಕ್ಸಿಜನ್. ಹೆಸರಿನಲ್ಲಿ 'ಹೈಡ್ರೋ' ಇದ್ದರೂ ಹೈಡ್ರೋಜನ್ ಇಲ್ಲ. ಮಕ್ಕಳು ಇಲ್ಲೇ ಜಾರುತ್ತಾರೆ. ಸೋಡಿಯಂನಿಂದ +2, ಆಕ್ಸಿಜನ್‌ನಿಂದ −8, ಆದ್ದರಿಂದ ಗಂಧಕಕ್ಕೆ ತಲಾ +3. ಅದು ಸುಲಭವಾಗಿ +4ಕ್ಕೆ ಏರುತ್ತದೆ. ಆಗ ಬಿಟ್ಟ ಎಲೆಕ್ಟ್ರಾನ್‌ಗಳನ್ನು ಪಾಕದ ಬಣ್ಣದ ವಸ್ತುಗಳು ಪಡೆದು ಅಪಕರ್ಷಣಗೊಂಡು ಮಂಕಾಗುತ್ತವೆ. ಲೆಕ್ಕ ಚೆಂದವಾಗಿದೆ, ಬೆಲ್ಲ ಮಾತ್ರ ಕಂದಾಗಿಯೇ ಇರಲಿ ಎಂದು ಕೇಳಿಕೊಳ್ಳುತ್ತೇನೆ.